ಬೇಡವಾದ ತಂಬೂರಿ

ಒಂದು ಕಾಲದಲ್ಲಿ ಮನೆಗೆ ರೇಡಿಯೋ ಬರುವುದೆಂದರೆ ಹೊಸ ಸೊಸೆ ಬಂದಷ್ಟೇ ಸಂಭ್ರಮ. ಧಾರವಾಡದ ಆಕಾಶವಾಣಿ ಕೇಂದ್ರವು ೧೯೫೦ರ ಜನವರಿ ೮ರಂದು ಆರಂಭವಾಯಿತು. ಆಮೇಲಿನ ವರ್ಷಗಳಲ್ಲಿ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಉಳ್ಳವರ ಪಡಸಾಲೆಗಳಲ್ಲಿ ಆ ಮರದ ಪೆಟ್ಟಿಗೆ ಒಂದೊಂದಾಗಿ ಬಂದು ಕುಳಿತಿತು. ಅದಕ್ಕೊಂದು ಕಸೂತಿಯ ಅರಿವೆ ಹೊದಿಸಿ, ಗೂಟದ ಮೇಲಿನ ಹಲಗೆಯಲ್ಲಿ ಮಕ್ಕಳ ಕೈಗೆಟುಕದಂತೆ ಇಡುತ್ತಿದ್ದರು. ಅದರೊಳಗಿನ ವಾಲ್ವು ಯಾವ ಜಾತಿಯದು, ಧ್ವನಿವರ್ಧಕ ಎಷ್ಟು ಅಂಗುಲದ್ದು ಎಂದು ಕೊಳ್ಳುವವರು ಕೇಳಿದ್ದುಂಟೆ? ಅಂಗಡಿಕಾರನು ಕೊಟ್ಟದ್ದನ್ನು ತಂದು, ಕುಂಕುಮ ಹಚ್ಚಿ, ಕಿವಿ ತಿರುವಿದರೆ ಆಯಿತು.

ಹಾಗೆಂದು, ಒಂದೊಂದು ಭಾಗವನ್ನೂ ವಿಚಾರಿಸಿ ಮಾಡಿಸುವ ವಸ್ತುಗಳು ಈ ಸೀಮೆಗೆ ಹೊಸವೇನೂ ಅಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲನ್ನೇ ನೋಡಿರಿ. ಅದನ್ನು ಹೇಳಿ ಮಾಡಿಸುವ ಮನೆಯವರು ಕಟ್ಟಿಗೆಯ ವಿಚಾರ ಕೇಳುತ್ತಾರೆ, ಚಿತ್ರದ ವಿಚಾರ ಕೇಳುತ್ತಾರೆ, ಮೊಮ್ಮಕ್ಕಳ ಕಾಲಕ್ಕೂ ಬಾಳೀತೇ ಎಂದು ಕೇಳುತ್ತಾರೆ. ಈಗ ಟಿ.ವಿ.ಯ ಪಕ್ಕದಲ್ಲಿಡಲೆಂದು ಹುಡುಗರು ಜೋಡಿಸಬೇಕೆನ್ನುವ ಕಂಪ್ಯೂಟರು ತೊಟ್ಟಿಲಿನ ಜಾತಿಗೆ ಸೇರಿದ್ದು, ರೇಡಿಯೋದ ಜಾತಿಗಲ್ಲ. ಹೋಮ್ ಥಿಯೇಟರ್ ಕಂಪ್ಯೂಟರೆಂದು ಅದರ ಹೆಸರು. ಮನೆಯ ಸಿನಿಮಾ, ಮನೆಯ ಹಾಡು, ಮದುವೆಯ ಫೋಟೋ, ಇವೆಲ್ಲವನ್ನೂ ತನ್ನ ಹೊಟ್ಟೆಯಲ್ಲಿಟ್ಟುಕೊಂಡು ಟಿ.ವಿ.ಯ ಪರದೆಯ ಮೇಲೆ ತೋರಿಸುವ, ಸ್ಪೀಕರುಗಳಲ್ಲಿ ಕೇಳಿಸುವ ಪೆಟ್ಟಿಗೆ.

ಕನ್ನಡ ಪಾಠ ಹೇಳುವ ನನಗೂ ಈ ಯಂತ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಹಳ್ಳಿಗಳ ಕಡೆ ಕಾಲೇಜಿನ ಅಧ್ಯಾಪಕನೆಂದರೆ ಸಕಲ ಶಾಸ್ತ್ರಗಳನ್ನೂ ಬಲ್ಲವನೆಂಬ ನಂಬಿಕೆ ಇನ್ನೂ ಅಳಿದಿಲ್ಲ. ಬೆಳೆವಿಮೆಯ ಅರ್ಜಿ, ಮಗುವಿನ ಹೆಸರು, ಕಂಪ್ಯೂಟರಿನ ಬಿಡಿಭಾಗ, ಎಲ್ಲವೂ ಒಂದೇ ಮೇಜಿಗೆ ಬರುತ್ತವೆ. ಬಂದ ಮೇಲೆ ತಿಳಿದುಕೊಂಡು ಹೇಳುವುದು ನಮ್ಮ ಪಾಲಿನ ಕೆಲಸ.

ಕುಂದಗೋಳ ತಾಲೂಕಿನ ಹಳ್ಳಿಯೊಂದರಲ್ಲಿ ನನ್ನ ಪರಿಚಯದ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರಿದ್ದಾರೆ. ಅವರ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಮೆಣಸಿನಕಾಯಿ ಮಾರಿದ ಹಣದಲ್ಲಿ ಮಾಸ್ತರರು ಒಂದು ಗಂಟನ್ನು ಬೇರೆ ತೆಗೆದಿಟ್ಟಿದ್ದರು. ಮಗ ಊರಿನಿಂದ ಒಂದು ಪಟ್ಟಿ ಕಳಿಸಿದ್ದ. ಅದನ್ನು ಹಿಡಿದುಕೊಂಡು ಅವರು ನನ್ನಲ್ಲಿಗೆ ಬಂದರು.

"ಸರ, ನಮ್ಮ ಹುಡುಗ ಈ ಯಾದಿ ಕಳಿಸ್ಯಾನ. ಇದರಾಗ ಯಾವುದು ಬೇಕು, ಯಾವುದು ಬ್ಯಾಡ, ಒಂದೀಟು ನೋಡಿ ಹೇಳ್ರಿ. ರೊಕ್ಕ ಇಷ್ಟ ಐತಿ, ಇದರ ಮ್ಯಾಲ ಒಂದು ಪೈ ಇಲ್ಲ."

ಯಾದಿಯನ್ನು ಓದಿದೆ. ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡು, ೩೨ ಜಿಬಿ ಮೆಮೊರಿ, ೭೫೦ ವ್ಯಾಟಿನ ಪವರ್ ಸಪ್ಲೈ, ಬಣ್ಣಬಣ್ಣದ ದೀಪ ಬೆಳಗುವ ಆರು ಫ್ಯಾನು, ಗಾಜಿನ ಬಾಗಿಲಿನ ಪೆಟ್ಟಿಗೆ. ಕೊನೆಯಲ್ಲಿ, ಹಣ ಉಳಿದರೆ, ಸ್ಪೀಕರು. ಇದು ಯುದ್ಧದ ಆಟಗಳನ್ನು ಆಡುವ ತರುಣರ ಯಾದಿ. ಅವರಿಗೆ ಅದು ಸರಿಯಾದದ್ದೇ. ಮಾಸ್ತರರ ಮನೆಯಲ್ಲಿ ಆಡುವವರು ಯಾರು? ಗಂಡ ಹೆಂಡತಿ ಇಬ್ಬರೇ. ಅವರಿಗೆ ಈ ಯಂತ್ರ ಏತಕ್ಕೆ ಬೇಕೆಂದು ಕೇಳಿದಾಗ ಹೊರಬಿದ್ದ ಉತ್ತರವೇ ಉಳಿದದ್ದನ್ನೆಲ್ಲ ನಿರ್ಧರಿಸಿತು. ತಗಡಿನ ಟ್ರಂಕಿನಲ್ಲಿ ಅರವತ್ತು ಕ್ಯಾಸೆಟ್ಟುಗಳಿವೆ. ಕೆಲವು ಆಕಾಶವಾಣಿಯಿಂದ ಹಿಡಿದಿಟ್ಟವು, ಹಲವು ರಾತ್ರಿಯ ಬೈಠಕ್ಕುಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತುಂಬಿಕೊಂಡವು. ಅವು ಹಾಳಾಗುವ ಮೊದಲು ಕಂಪ್ಯೂಟರಿಗೆ ಇಳಿಸಬೇಕು. ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಕುಳಿತು ಕೇಳಬೇಕು. ಬಿಡುವಿನಲ್ಲಿ ಹಳೆಯ ಸಿನಿಮಾ ನೋಡಬೇಕು.

ಕುಂದಗೋಳದ ನೆಲದಲ್ಲಿ ಇಂತಹ ಆಸೆ ಆಶ್ಚರ್ಯದ್ದಲ್ಲ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರಾದ ರಾಮಭಾವು ಕುಂದಗೋಳಕರರು, ಅಂದರೆ ಸವಾಯಿ ಗಂಧರ್ವರು, ಬಾಳಿದ ಊರು ಅದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಪಾಠ ಹೇಳಿಸಿಕೊಂಡರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲೇ ಇದ್ದು ಕಲಿತರು. ಸವಾಯಿ ಗಂಧರ್ವರು ೧೯೫೨ರಲ್ಲಿ ತೀರಿಕೊಂಡ ಮೇಲೆ ಅವರ ನೆನಪಿನ ಸಂಗೀತ ನಾಡಿಗೇರ ವಾಡೆಯಲ್ಲಿ ನಡೆಯುತ್ತ ಬಂದಿದೆ. ಅಲ್ಲಿ ಜಮಖಾನೆಯ ಮೇಲೆ ಕುಳಿತು ಬೆಳಗು ಮಾಡಿದವರು ಸುತ್ತಲ ಹಳ್ಳಿಗಳಲ್ಲಿ ಎಷ್ಟು ಜನ! ಅವರಲ್ಲಿ ನಮ್ಮ ಮಾಸ್ತರರೂ ಒಬ್ಬರು.

ಈ ಗಾಯನದ ಕ್ರಮವನ್ನು ಬಲ್ಲವರಿಗೆ ಗೊತ್ತು: ಕಿರಾನಾ ಗಾಯಕನು ಸ್ವರವನ್ನು ಅವಸರದಿಂದ ತೋರಿಸುವುದಿಲ್ಲ. ತಂಬೂರಿ ಎರಡು ನಿಮಿಷ ಮಿಡಿಯುತ್ತದೆ. ಅದರೊಳಗಿಂದಲೇ ಮೂಡಿತೋ ಎಂಬಂತೆ ಷಡ್ಜ ಏಳುತ್ತದೆ. ಒಂದೊಂದೇ ಸ್ವರವು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಇಂತಹ ಸಂಗೀತವನ್ನು ಕೇಳಿಸಲು ತಂದ ಯಂತ್ರವು ತಾನೇ ಗುಂಯ್ ಎನ್ನುತ್ತಿದ್ದರೆ ಏನಾಗಬೇಕು? ನಿಮಿಷಕ್ಕೆ ೭,೨೦೦ ಸುತ್ತು ತಿರುಗುವ ಹಾರ್ಡ್ ಡಿಸ್ಕು ಸೆಕೆಂಡಿಗೆ ೧೨೦ ಸಲ ಸುತ್ತುತ್ತದೆ. ಅದರ ಗುಂಗಿನ ಮೂಲಸ್ವರವೂ ೧೨೦ ಕಂಪನದ್ದೇ. ಗಂಡುದನಿಯವರು ಹಾರ್ಮೋನಿಯಮ್ಮಿನ ಕಪ್ಪು ಒಂದನ್ನು ಷಡ್ಜ ಹಿಡಿದರೆ ಅದು ಸುಮಾರು ೧೩೯ ಕಂಪನ. ಲೆಕ್ಕ ಹಾಕಿದರೆ ಡಿಸ್ಕಿನ ಸ್ವರ ಬೀಳುವುದು ಮಂದ್ರದ ಶುದ್ಧ ಧೈವತಕ್ಕೂ ಕೋಮಲ ನಿಷಾದಕ್ಕೂ ನಟ್ಟನಡುವೆ. ಯಾವ ರಾಗಕ್ಕೂ ಸಲ್ಲದ, ಯಾವ ಶ್ರುತಿಗೂ ಸೇರದ ಜಾಗ. ರಾತ್ರಿಯಿಡೀ ಗವಾಯಿಯ ಪಕ್ಕದಲ್ಲಿ ಕುಳಿತು ಯಾರೋ ಬೇಸುರದ ತಂಬೂರಿ ಮೀಟುತ್ತಿದ್ದಂತೆ! ನಗರದ ಮನೆಗಳಲ್ಲಿ ಬೀದಿಯ ಗದ್ದಲದಲ್ಲಿ ಇದು ಮುಚ್ಚಿಹೋಗುತ್ತದೆ. ಹಳ್ಳಿಯ ರಾತ್ರಿಯಲ್ಲಿ ಮುಚ್ಚುವವರಿಲ್ಲ.

ಆದುದರಿಂದ ಮಗನ ಯಾದಿಯನ್ನು ತಲೆಕೆಳಗು ಮಾಡಿ, ಸದ್ದಿನಿಂದ ಆರಂಭಿಸಿದೆವು.

ಅದಕ್ಕೂ ಮೊದಲು, ಈ ಪೆಟ್ಟಿಗೆಯೇ ಬೇಡವಾದವರು ಯಾರೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ತಿಂಗಳಿಗಿಷ್ಟು ಚಂದಾ ತೆತ್ತು ಸಿನಿಮಾ, ಧಾರಾವಾಹಿ ನೋಡುವುದಷ್ಟೇ ಉದ್ದೇಶವಾಗಿದ್ದರೆ, ಟಿ.ವಿ.ಯ ಬೆನ್ನಿಗೆ ಸಿಕ್ಕಿಸುವ ಬೆರಳುದ್ದದ ಕಡ್ಡಿಯೊಂದು ಸಾಕು. ಹೊಸ ಟಿ.ವಿ.ಗಳಲ್ಲಾದರೆ ಅದೂ ಬೇಡ. ಚಂದಾ ಕಂಪನಿಗಳು ತಮ್ಮ ಚಿತ್ರಗಳಿಗೆ ಬೀಗ ಹಾಕಿರುತ್ತವೆ. ಆ ಬೀಗದ ಕೈ ಕಡ್ಡಿಗೆ ಸುಲಭವಾಗಿ ಸಿಗುತ್ತದೆ. ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿಗೆ, ಅದರಲ್ಲೂ ಲಿನಕ್ಸ್ ಹಾಕಿದ ಕಂಪ್ಯೂಟರಿಗೆ, ಎಷ್ಟೋ ಸಲ ಸಿಗುವುದೇ ಇಲ್ಲ. ಹಣ ಕೊಟ್ಟವನಿಗೇ ಮಸುಕು ಚಿತ್ರ. ಸ್ವಂತ ಸಂಗ್ರಹವಿದ್ದವರಿಗೆ ಮಾತ್ರ ಈ ಕಂಪ್ಯೂಟರು ತಕ್ಕದ್ದು. ಕ್ಯಾಸೆಟ್ಟು, ಸಿ.ಡಿ., ಮನೆಯ ವಿಡಿಯೋ, ಏನೂ ಇಲ್ಲದವರು ಈ ಪುಟವನ್ನು ಮಡಿಚಿ ಧಾರಾವಾಹಿಯ ಪುಟಕ್ಕೆ ಹೋದರೂ ನಷ್ಟವಿಲ್ಲ.

ಇನ್ನು ಸದ್ದಿನ ವಿಚಾರ. ಸದ್ದು ಮಾಡುವುವು ಎರಡು, ತಿರುಗುವ ಡಿಸ್ಕು ಮತ್ತು ಫ್ಯಾನು. ಕಂಪ್ಯೂಟರು ನಡೆಯಲು ಬೇಕಾದ ತಂತ್ರಾಂಶವನ್ನು ತಿರುಗದ ಎಸ್‌ಎಸ್‌ಡಿಯಲ್ಲಿ ಇಟ್ಟರೆ ಮೊದಲನೆಯ ತೊಡಕು ಹೋಯಿತು. ಅದಕ್ಕೆ ೨೫೬ ಜಿಬಿ ಧಾರಾಳ. ಫ್ಯಾನಿನ ವಿಷಯದಲ್ಲಿ ಒಂದು ನಿಯಮವಿದೆ: ಸುತ್ತುವ ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು ೧೫ ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಅರ್ಧವಾದಂತೆ ತೋರುತ್ತದೆಂದು ಶಬ್ದಶಾಸ್ತ್ರಜ್ಞರು ಹೇಳುತ್ತಾರೆ; ಹದಿನೈದೆಂದರೆ ದೊಡ್ಡ ಲಾಭ. ಸಣ್ಣ ಫ್ಯಾನು ಅದೇ ಗಾಳಿಯನ್ನು ತಳ್ಳಬೇಕಾದರೆ ಓಡಬೇಕು; ದೊಡ್ಡದು ನಡೆದರೆ ಸಾಕು. ಆದ್ದರಿಂದ ೮೦ ಮಿಲಿಮೀಟರಿನ ಮೂರು ಫ್ಯಾನುಗಳಿಗಿಂತ ೧೨೦ ಮಿಲಿಮೀಟರಿನ ಒಂದೇ ಒಂದು ಮೇಲು. ಪೆಟ್ಟಿಗೆ ತೀರ ಚಿಕ್ಕದು, ತೀರ ಚೆಲುವಾದದ್ದು ಎಂದು ಆಸೆಪಟ್ಟವರು ಅದರೊಳಗೆ ಸಣ್ಣ ಫ್ಯಾನನ್ನೇ ಹಾಕಬೇಕಾಗುತ್ತದೆ ಎಂಬುದನ್ನು ಮರೆಯುತ್ತಾರೆ. ಬಣ್ಣದ ದೀಪಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಬಾರದು. ತೇರು ಒಂದು ದಿನಕ್ಕೆ ಚೆಂದ.

ಫ್ಯಾನು ಮೆಲ್ಲಗೆ ತಿರುಗಬೇಕಾದರೆ ಒಳಗೆ ಬಿಸಿ ಹುಟ್ಟಬಾರದು. ಇಲ್ಲಿಗೆ ಪ್ರೊಸೆಸರಿನ ಮಾತು ಬಂತು. ಮಗನು ದೊಡ್ಡ ಗ್ರಾಫಿಕ್ಸ್ ಕಾರ್ಡು ಬರೆದದ್ದು ಸಿನಿಮಾ ಚೆನ್ನಾಗಿ ಕಾಣಲೆಂದು. ನಿಜವಾಗಿ ಸಿನಿಮಾ ತೋರಿಸುವುದಕ್ಕೆ ಬೇಕಾದದ್ದು ಬಲವಲ್ಲ, ಭಾಷಾಜ್ಞಾನ. ಚಿತ್ರಗಳನ್ನು ಹಿಂಡಿ ಚಿಕ್ಕದು ಮಾಡಿಡುವ ಸಂಕೇತಭಾಷೆಗಳು ಕಾಲಕಾಲಕ್ಕೆ ಬದಲಾಗಿವೆ. ೨೦೦೩ರ ಎಚ್.೨೬೪, ೨೦೧೩ರ ಎಚ್ಇವಿಸಿ, ೨೦೧೮ರ ಎವಿ೧. ಈ ಭಾಷೆಗಳನ್ನು ಬಿಡಿಸಿ ಓದುವ ಪ್ರತ್ಯೇಕ ಭಾಗವೊಂದು ಪ್ರೊಸೆಸರಿನ ಗರ್ಭದಲ್ಲೇ ಇರುತ್ತದೆ. ಅದಕ್ಕೆ ಭಾಷೆ ಗೊತ್ತಿದ್ದರೆ ಯಂತ್ರ ಬೆವರುವುದಿಲ್ಲ. ಗೊತ್ತಿಲ್ಲದಿದ್ದರೆ ಉಳಿದ ಯಂತ್ರವೆಲ್ಲ ತಿಣುಕಿ ಅನುವಾದ ಮಾಡಬೇಕು. ಬಿಸಿಯಾಗುತ್ತದೆ, ಫ್ಯಾನು ಕೂಗುತ್ತದೆ, ಚಿತ್ರ ತಡವರಿಸುತ್ತದೆ.

ಇಂಟೆಲ್ ಕಂಪನಿಯ ಹನ್ನೊಂದನೆಯ ಪೀಳಿಗೆಯಿಂದೀಚಿನ ಪ್ರೊಸೆಸರುಗಳಿಗೆ, ಗ್ರಾಫಿಕ್ಸ್ ಭಾಗವಿದ್ದರೆ, ಮೂರು ಭಾಷೆಗಳೂ ಬರುತ್ತವೆ. ೨೦೨೩ರಲ್ಲಿ ಬಂದ ಎನ್೧೦೦ ಎಂಬ ಪುಟ್ಟ ಪ್ರೊಸೆಸರಿಗೂ ಬರುತ್ತವೆ. ಅದರ ಶಾಖದ ಲೆಕ್ಕ ೬ ವ್ಯಾಟು ಮಾತ್ರ. ಬೋರ್ಡಿನ ಮೇಲೆಯೇ ಬೆಸೆದು, ಫ್ಯಾನೇ ಇಲ್ಲದೆ ಬರಿಯ ಅಲ್ಯೂಮಿನಿಯಮ್ಮಿನ ರೆಕ್ಕೆಗಳಿಂದ ತಣಿಯುವಂತೆ ಅದನ್ನು ಮಾರುವುದುಂಟು. ಎಎಮ್‌ಡಿಯವರ ೨೦೨೧ರ ೫೬೦೦ಜಿ ಎಂಬುದು ಬಲದಲ್ಲಿ ಇದಕ್ಕಿಂತ ಎಷ್ಟೋ ಪಾಲು ಮೇಲು. ಆದರೆ ಅದಕ್ಕೆ ಎವಿ೧ ಓದಲು ಬಾರದು. ಬಲಶಾಲಿಯಾದ ಮೂಗನಿಗಿಂತ ಬಡಕಲು ದುಭಾಷಿಯೇ ಪಡಸಾಲೆಗೆ ಯೋಗ್ಯ. ಕೊಳ್ಳುವಾಗ ಇನ್ನೊಂದು ಎಚ್ಚರ: ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ ಎಫ್ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಭಾಗವೇ ಇರುವುದಿಲ್ಲ. ಸ್ವಲ್ಪ ಅಗ್ಗವೆಂದು ಅಂಗಡಿಯವರು ಅದನ್ನೇ ಮುಂದೆ ಮಾಡಬಹುದು. ಆಗ ಕಾರ್ಡನ್ನು ಬೇರೆ ಕೊಳ್ಳಲೇಬೇಕು, ಅಗ್ಗವೆಲ್ಲಿ ಉಳಿಯಿತು?

ಹಣದ ಬಿಗಿಯಿದ್ದವರಿಗೆ ಒಂದು ಒಳದಾರಿಯೂ ಇದೆ. ವಿಂಡೋಸ್ ೧೦ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ೨೦೧೭ರ ಏಳನೆಯ ಪೀಳಿಗೆಯ ಇಂಟೆಲ್ ಯಂತ್ರಗಳನ್ನು ಸಾಮಾನ್ಯವಾಗಿ ವಿಂಡೋಸ್ ೧೧ ಸ್ವೀಕರಿಸುವುದಿಲ್ಲ. ಹೀಗೆ ಕಚೇರಿಗಳು ಕೈಬಿಟ್ಟ ಯಂತ್ರಗಳು ಹಳೆಯ ಸಾಮಾನಿನ ಅಂಗಡಿಗೆ ಬರುತ್ತವೆ. ಅವುಗಳಿಗೆ ಎವಿ೧ ಬಾರದು, ಎಚ್ಇವಿಸಿ ಚೆನ್ನಾಗಿ ಬರುತ್ತದೆ. ಲಿನಕ್ಸ್ ಹಾಕಿದರೆ ಇನ್ನೂ ಐದಾರು ವರ್ಷ ದುಡಿಯಬಲ್ಲವು.

ಮೆಮೊರಿಯನ್ನು ೩೨ರಿಂದ ೮ ಜಿಬಿಗೆ ಇಳಿಸಿದೆವು. ೨೦೨೫ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಮೆಮೊರಿಯ ಬೆಲೆ ಮೇಲೇರಿತು. ಕೃತಕ ಬುದ್ಧಿಯ ದೊಡ್ಡ ದೊಡ್ಡ ಯಂತ್ರಾಗಾರಗಳು ಅದನ್ನು ನುಂಗತೊಡಗಿದ್ದೇ ಕಾರಣ. ಎಲ್ಲಿಯೋ ಅಮೇರಿಕದ ಹಸಿವಿಗೆ ಕುಂದಗೋಳದ ಮೆಣಸಿನಕಾಯಿಯ ದುಡ್ಡು ಹೋಗುವುದೇಕೆ? ಮಗ ಫೋನಿನಲ್ಲಿ, "ಮುಂದ ಬೇಕಾಗ್ತೈತಿ, ಅಪ್ಪಾ," ಎಂದನಂತೆ. ಕಂಪ್ಯೂಟರಿನ ವ್ಯಾಪಾರದಲ್ಲಿ ಇದಕ್ಕಿಂತ ದುಬಾರಿಯಾದ ಮಾತು ಇನ್ನೊಂದಿಲ್ಲ. ಮುಂದೆ ಬೇಕಾದಾಗ ಸೇರಿಸಲು ಬೋರ್ಡಿನಲ್ಲಿ ಜಾಗವಿದೆಯೇ ಎಂದು ನೋಡಿಕೊಂಡರೆ ಸಾಕು.

ತಂತ್ರಾಂಶಕ್ಕೆ ಹಣವೇ ಬೇಡ. ೨೦೦೨ರಲ್ಲಿ ಮೈಕ್ರೋಸಾಫ್ಟಿನವರು ಇದಕ್ಕೆಂದೇ ಮೀಡಿಯಾ ಸೆಂಟರ್ ಎಂಬುದನ್ನು ತಂದಿದ್ದರು. ೨೦೧೫ರ ವಿಂಡೋಸ್ ೧೦ರ ವೇಳೆಗೆ ಕೈಬಿಟ್ಟರು. ಅದೇ ಕಾಲದಲ್ಲಿ ಆಟದ ಯಂತ್ರವೊಂದಕ್ಕಾಗಿ ಹವ್ಯಾಸಿಗಳು ಬರೆಯಲಾರಂಭಿಸಿದ ತಂತ್ರಾಂಶ ಮಾತ್ರ ಉಳಿದು ಬೆಳೆಯಿತು. ೨೦೧೪ರಿಂದ ಅದರ ಹೆಸರು ಕೋಡಿ. ಕೆರೆಯ ಕೋಡಿಗೂ ಇದಕ್ಕೂ ಸಂಬಂಧವಿಲ್ಲವೆಂದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿಸಬೇಕು. ತುಂಬಿದ ಸಂಗ್ರಹ ಹರಿದುಬರುವ ಬಾಯಿಯೆಂದು ನಾವು ಬೇಕಾದರೆ ಅಂದುಕೊಳ್ಳೋಣ.

ಸಂಗ್ರಹದ ಗಾತ್ರವನ್ನು ಊಹೆಯಿಂದ ಕೊಳ್ಳಬಾರದು, ಲೆಕ್ಕ ಹಾಕಿ ಕೊಳ್ಳಬೇಕು. ಸಿ.ಡಿ.ಯ ಗುಣಮಟ್ಟದಲ್ಲಿ ಸೆಕೆಂಡಿಗೆ ೪೪,೧೦೦ ಸಲ ಧ್ವನಿಯನ್ನು ಅಳೆದು ಬರೆದಿಡುತ್ತಾರೆ. ಎಡ ಬಲ ಎರಡೂ ಸೇರಿ, ೯೦ ನಿಮಿಷದ ಒಂದು ಕ್ಯಾಸೆಟ್ಟಿಗೆ ೯೫೦ ಎಂಬಿಯಷ್ಟು ಜಾಗ ಬೇಕು. ಎಫ್‌ಎಲ್‌ಎಸಿ ಎಂಬ ವಿಧಾನದಲ್ಲಿ, ಒಂದು ಕಣವೂ ಕಳೆಯದಂತೆ, ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಬಹುದು. ಅರವತ್ತು ಕ್ಯಾಸೆಟ್ಟುಗಳೆಂದರೆ ೩೦ ಜಿಬಿ! ಮಗ ಬರೆದ ೮ ಟಿಬಿಯ ಡಿಸ್ಕು ಈ ಮನೆಯ ಮಟ್ಟಿಗೆ, ಎರಡು ಚೀಲ ಜೋಳಕ್ಕೆ ಹಗೇವು ತೋಡಿದಂತೆ. ದೊಡ್ಡದೊಂದರ ಬದಲು ೧ ಟಿಬಿಯ ಎರಡನ್ನು ಕೊಂಡು, ಎರಡರಲ್ಲಿಯೂ ಒಂದೇ ಸಂಗ್ರಹವನ್ನು ಇಟ್ಟು, ಎರಡನೆಯದನ್ನು ಬೇರೊಂದು ಊರಿನಲ್ಲಿ ಮಗಳ ಮನೆಯ ಕಪಾಟಿನಲ್ಲಿಡುವುದೆಂದು ಗೊತ್ತಾಯಿತು. ಸಿನಿಮಾದ ರಾಶಿಯಿದ್ದವರಿಗೆ ದೊಡ್ಡ ಡಿಸ್ಕು ಬೇಕಾಗುತ್ತದೆ, ನಿಜ. ಅಂತಹವರು ಅದನ್ನು ಪಡಸಾಲೆಯಲ್ಲಿಡದೆ ಒಳಕೋಣೆಯಲ್ಲಿಟ್ಟು ತಂತಿ ಎಳೆದುಕೊಳ್ಳಲಿ. ಎರಡಡಿ ದಪ್ಪದ ಮಣ್ಣಿನ ಗೋಡೆಗಳ ನಮ್ಮ ಹಳೆಯ ಮನೆಗಳಲ್ಲಿ ವೈಫೈ ನಡುಮನೆಯನ್ನು ದಾಟುವಷ್ಟರಲ್ಲಿ ಬಸವಳಿದಿರುತ್ತದೆ.

ಇಷ್ಟು ಹೊತ್ತೂ ಉಳಿಸುವ ಮಾತೇ ಆಯಿತು. ಉಳಿದ ಹಣವನ್ನು ಹಾಕಬೇಕಾದದ್ದು ಯಾದಿಯಲ್ಲಿ ಯಾರೂ ಕಣ್ಣೆತ್ತಿ ನೋಡದ ಸಾಲುಗಳಿಗೆ. ಮೊದಲನೆಯದು ಪವರ್ ಸಪ್ಲೈ. ಈ ಕಂಪ್ಯೂಟರು ಚಿತ್ರ ತೋರಿಸುವಾಗ ಹಳೆಯ ಕಾಲದ ನಲವತ್ತು ವ್ಯಾಟಿನ ಬಲ್ಬಿನಷ್ಟೂ ವಿದ್ಯುತ್ತನ್ನು ಎಳೆಯುವುದು ಅಪರೂಪ. ೭೫೦ ವ್ಯಾಟು ಇಲ್ಲಿ ಬೇಕಿಲ್ಲ. ೩೦೦-೪೦೦ ವ್ಯಾಟಿನದು ಸಾಕು. ಆದರೆ ಅದು ಒಳ್ಳೆಯದಾಗಿರಬೇಕು. ಪೆಟ್ಟಿಗೆಯ ಜೊತೆಗೆ ಪುಕ್ಕಟೆಯಾಗಿ ಬರುವ ಪವರ್ ಸಪ್ಲೈಯನ್ನು ನಂಬುವುದೆಂದರೆ, ಪುಕ್ಕಟೆಯಾಗಿ ಸಿಕ್ಕ ಹಗ್ಗದಿಂದ ಬಾವಿಗಿಳಿದಂತೆ. ಮೋಟಾರು ಪಂಪುಗಳು ಒಮ್ಮೆಗೇ ಆರಂಭವಾದಾಗ ವೋಲ್ಟೇಜು ಕುಸಿಯುವುದು, ಅವು ನಿಂತಾಗ ಜಿಗಿಯುವುದು ಹೊಲಗಳ ನಡುವಿನ ಊರುಗಳಲ್ಲಿ ನಿತ್ಯದ ಮಾತು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಶುದ್ಧ ಸೈನ್ ತರಂಗದ್ದೇ ಎಂದು ನೋಡಿರಿ. ಅದರ ಬೆನ್ನಿನಲ್ಲಿ ಯು.ಪಿ.ಎಸ್. ಎಂಬ ಗುಂಡಿಯಿದ್ದರೆ ಅದನ್ನು ಒತ್ತಿಡಿರಿ. ಇಲ್ಲವಾದರೆ ಕರೆಂಟು ಹೋಗಿ ಇನ್ವರ್ಟರ್ ಎಚ್ಚರವಾಗುವ ಆ ಕಣ್ಣುರೆಪ್ಪೆಯ ಸಮಯದಲ್ಲಿ ಕಂಪ್ಯೂಟರು ಸತ್ತು ಹುಟ್ಟುತ್ತದೆ.

ಎರಡನೆಯದು ಅರ್ಥಿಂಗು. ಇದನ್ನು ಯಾವ ಯಾದಿಯೂ ಬರೆಯುವುದಿಲ್ಲ. ಹಳೆಯ ಮನೆಗಳಲ್ಲಿ ಗೋಡೆಯ ಮೇಲೆ ಮೂರು ತೂತಿನ ಸಾಕೆಟ್ಟು ಕಾಣುತ್ತದೆ. ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಆಗ ಕಂಪ್ಯೂಟರಿನ ತಗಡನ್ನು ಮುಟ್ಟಿದರೆ ಜುಂ ಎನ್ನುತ್ತದೆ. ಸ್ಪೀಕರುಗಳಲ್ಲಿ ೫೦ ಕಂಪನದ ವಿದ್ಯುತ್ತಿನ ಗುಂಗು ತುಂಬಿಕೊಳ್ಳುವುದಕ್ಕೂ ಇದೊಂದು ಕಾರಣ. ಮತ್ತೊಂದು ಬೇಡವಾದ ತಂಬೂರಿ! ಎಷ್ಟು ಬೆಲೆಯ ಸ್ಪೀಕರು ತಂದರೂ ಅದು ಹೋಗದು. ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಸರಿಯಾದ ವಿದ್ಯುತ್ ಕೆಲಸಗಾರನಿಂದ ಅರ್ಥಿಂಗು ಕೊಡಿಸಿ, ಟಿ.ವಿ., ಕಂಪ್ಯೂಟರು, ಆಂಪ್ಲಿಫಯರು ಮೂರಕ್ಕೂ ಒಂದೇ ಸಾಕೆಟ್ ಪಟ್ಟಿಯಿಂದ ವಿದ್ಯುತ್ತು ಕೊಟ್ಟರೆ ಹೆಚ್ಚಿನ ಗುಂಗು ಅಡಗುತ್ತದೆ. ಆಮೇಲೂ ಉಳಿದರೆ ಡಿಶ್ಶಿನ ತಂತಿಯನ್ನು ಕಿತ್ತು ನೋಡಬೇಕು. ಎಷ್ಟೋ ಸಲ ಗುಂಗು ಒಳಗೆ ಬರುವ ದಾರಿ ಅದೇ.

ದೂಳಿನ ಮಾತನ್ನು ನವಲಗುಂದ, ಅಣ್ಣಿಗೇರಿಯವರಿಗೆ ಹೇಳಬೇಕಾಗಿಲ್ಲ. ಎರೆಭೂಮಿಯ ಬಯಲಿನಲ್ಲಿ ಬೇಸಿಗೆಯ ಗಾಳಿ ಎದ್ದಿತೆಂದರೆ ಊಟದ ತಾಟಿನಲ್ಲಿಯೂ ಹೊಲ ಬರುತ್ತದೆ. ಗಾಳಿ ಒಳಬರುವ ಕಡೆ ತೊಳೆಯಬಹುದಾದ ಜಾಳಿಗೆಯಿರುವ ಪೆಟ್ಟಿಗೆಯನ್ನೇ ಆರಿಸಬೇಕು. ಫ್ಯಾನು ಗಾಳಿಯನ್ನು ಒಳಗೆ ತಳ್ಳುವಂತಿರಬೇಕು, ಹೊರಗೆ ಎಳೆಯುವಂತೆ ಅಲ್ಲ. ಒಳಗೆ ಒತ್ತಡ ಹೆಚ್ಚಿದ್ದರೆ ಸಂದಿಗೊಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ದೂಳು ಒಳಗೆ ನುಸುಳದು. ಅಣ್ಣಿಗೇರಿಯ ನನ್ನ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಇಂತಹ ಜಾಳಿಗೆಯನ್ನು ಪ್ರತಿ ಅಮಾವಾಸ್ಯೆಗೆ ತೊಳೆಯುವ ಪದ್ಧತಿ. ದಿನ ಮರೆಯದಿರಲು ಒಳ್ಳೆಯ ಉಪಾಯ! ಕಲಘಟಗಿಯ ಕಡೆ, ಮಲೆನಾಡಿನ ಸೆರಗಿನಲ್ಲಿ, ತೊಂದರೆ ದೂಳಿನದಲ್ಲ, ಮಳೆಗಾಲದ ಶೀತದ್ದು. ಅಲ್ಲಿನವರು ಯಂತ್ರವನ್ನು ವಾರಗಟ್ಟಲೆ ಮುಚ್ಚಿಡದೆ ದಿನವೂ ಅರ್ಧ ಗಂಟೆ ನಡೆಸಿದರೆ, ಅದರ ಬೆಚ್ಚಗೆಯೇ ಅದನ್ನು ಒಣಗಿಸುತ್ತದೆ. ಹಲ್ಲಿಗಳಿಗೂ ಆ ಬೆಚ್ಚಗೆ ಇಷ್ಟ. ಬೆನ್ನಿನ ತೂತುಗಳಿಗೆಲ್ಲ ಮುಚ್ಚಳವಿರಲಿ.

ಸ್ಪೀಕರುಗಳ ವಿಷಯದಲ್ಲಿ ನಾನು ಹಠವಾದಿ. ಐದು ಕಳಪೆಗಿಂತ ಎರಡು ಒಳ್ಳೆಯವು. ಸುತ್ತುವರಿಯುವ ಧ್ವನಿಗೆಂದು ಹಿಂದೆ ಮುಂದೆ ಸ್ಪೀಕರು ಇಡುವುದು ಹೊಸ ಸಿನಿಮಾಗಳಿಗೆ ಸರಿ. ಹಳೆಯ ಗ್ರಾಮಫೋನ್ ತಟ್ಟೆಗಳ ಗಾಯನ, ಒಂದೇ ಮೈಕಿನಿಂದ ಹಿಡಿದ ಬೈಠಕ್ಕು, ಇವು ಒಂದೇ ಕಡೆಯಿಂದ ಬಂದ ಧ್ವನಿ. ಅದನ್ನು ಏಳು ಮೂಲೆಗಳಿಗೆ ಹಂಚಿದರೆ ಗವಾಯಿಯು ಮನೆ ತುಂಬ ಅಲೆಯುತ್ತಿರುವಂತೆ ಕೇಳುತ್ತದೆ. ಮಾತು ಸ್ಪಷ್ಟವಾಗಿ ಕೇಳದ ವಯಸ್ಸಾದವರಿದ್ದರೆ ನಡುವೆ ಒಂದು ಸ್ಪೀಕರನ್ನು ಮಾತಿಗೆಂದೇ ಸೇರಿಸಬಹುದು. ನೆಲಕ್ಕೆ ನುಣುಪಾದ ಹಾಸುಗಲ್ಲು ಇರುವ ಪಡಸಾಲೆಯಲ್ಲಿ ಧ್ವನಿ ಪುಟಿಯುತ್ತದೆ. ನವಲಗುಂದದ ಹೆಣ್ಣುಮಕ್ಕಳು ಕೈಯಿಂದ ನೇಯುವ ಜಮಖಾನವೊಂದನ್ನು ಸ್ಪೀಕರಿಗೂ ಕೇಳುವವರಿಗೂ ನಡುವೆ ಹಾಸಿದರೆ ತಾರಸ್ವರಗಳ ಕರ್ಕಶತೆ ಅಷ್ಟಿಷ್ಟು ತಗ್ಗುತ್ತದೆ. ಮಂದ್ರದ ಗುಡುಗಿಗೆ ಜಮಖಾನದಿಂದ ಏನೂ ಆಗದು. ಸ್ಪೀಕರನ್ನು ಗೋಡೆಯ ಮೂಲೆಯಿಂದ ಎರಡಡಿ ಈಚೆಗೆ ಎಳೆಯಬೇಕು.

ಇಷ್ಟೆಲ್ಲ ಆಗುವಾಗ ಅಲ್ಲಿಯೇ ಅವರೆ ಬಿಡಿಸುತ್ತ ಕುಳಿತಿದ್ದ ಮಾಸ್ತರರ ಹೆಂಡತಿ ಒಂದು ಪ್ರಶ್ನೆ ಕೇಳಿದರು.

"ತಮ್ಮಾ, ಇದನ್ನ ಹಚ್ಚೂದು ಹ್ಯಾಂಗ? ನನಗ ಆ ಇಲಿ ಹಿಡ್ಕೊಂಡು ಕೂಡೂದು ಆಗೂದಿಲ್ಲ ನೋಡಪಾ. ರಿಮೋಟು ಇದ್ದರ ಸರಿ."

ಮಗನ ಯಾದಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಟಿ.ವಿ.ಯ ರಿಮೋಟಿನಿಂದಲೇ ಜೊತೆಯ ಪೆಟ್ಟಿಗೆಯನ್ನೂ ನಡೆಸುವ ಒಂದು ಏರ್ಪಾಡು ಎಚ್‌ಡಿಎಂಐ ತಂತಿಯಲ್ಲಿದೆ. ಸಿಇಸಿ ಎಂದು ಅದರ ಹೆಸರು. ಆದರೆ ಸಾಮಾನ್ಯ ಕಂಪ್ಯೂಟರು ಬೋರ್ಡುಗಳಲ್ಲಿ ಅದನ್ನು ಜೋಡಿಸಿರುವುದಿಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿದೆ. ಬರಿಯ ನೋಡುವ ಕೇಳುವ ಕೆಲಸಕ್ಕೆ ಅದನ್ನು ಕೊಳ್ಳುವವರೂ ಉಂಟು. ಉಳಿದವರು ಯುಎಸ್‌ಬಿಗೆ ಸಿಕ್ಕಿಸುವ ರಿಮೋಟನ್ನು ತರಬೇಕು. ಇದರ ಬೆಲೆ ಇಡೀ ಯಾದಿಯಲ್ಲಿ ಎಲ್ಲಕ್ಕಿಂತ ಕಡಿಮೆ. ಇದಿಲ್ಲದಿದ್ದರೆ ಮನೆಯ ಅರ್ಧ ಜನಕ್ಕೆ ಯಂತ್ರವೇ ಇಲ್ಲ. ದೊಡ್ಡ ಗುಂಡಿಗಳದು, ಏಳೆಂಟಕ್ಕಿಂತ ಹೆಚ್ಚು ಗುಂಡಿಗಳಿಲ್ಲದ್ದು, ಎಂದು ಬರೆದುಕೊಂಡೆವು. ಆ ತಾಯಿಯೇ ಮೂರನ್ನು ಕೈಯಲ್ಲಿ ಹಿಡಿದು ನೋಡಿ ಒಂದನ್ನು ಆರಿಸಬೇಕೆಂಬುದೂ ನಿಶ್ಚಯವಾಯಿತು.

ಇನ್ನುಳಿದದ್ದು ಕ್ಯಾಸೆಟ್ಟುಗಳನ್ನು ಒಳಗೆ ಇಳಿಸುವ ದಾರಿ. ಬೋರ್ಡಿನ ಬೆನ್ನಿನಲ್ಲಿ ನೀಲಿ, ಹಸಿರು, ಗುಲಾಬಿ ಎಂದು ಮೂರು ತೂತುಗಳಿದ್ದರೆ ನೀಲಿಯದು ಹೊರಗಿನ ಯಂತ್ರದ ಧ್ವನಿಯನ್ನು ಒಳತರುವ ಬಾಗಿಲು. ಗುಲಾಬಿ ಮೈಕಿನದು, ಅದಕ್ಕೆ ಟೇಪು ಜೋಡಿಸಿದರೆ ಧ್ವನಿ ಒಡೆಯುತ್ತದೆ. ಸಿದ್ಧವಾಗಿ ಸಿಗುವ ಅಂಗೈಯಗಲದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ನೀಲಿ ತೂತು ಇರುವುದಿಲ್ಲ. ಮಾಸ್ತರರಿಗೆ ನಾನು ಅದನ್ನು ಕೊಳ್ಳಲು ಹೇಳದಿರುವುದಕ್ಕೆ ಇದೇ ಮುಖ್ಯ ಕಾರಣ. ಆದರೆ ಬಾಗಿಲಿದ್ದರೆ ಸಾಲದು, ಬರುವವನು ಸರಿಯಾಗಿರಬೇಕು. ಅಟ್ಟದ ಮೇಲಿನ ಟೇಪ್ ರೆಕಾರ್ಡರನ್ನು ಇಳಿಸಿ ನೋಡಿದರೆ ಅದರ ರಬ್ಬರು ಪಟ್ಟಿ ಸಡಿಲಗೊಂಡು, ಭೀಮಪಲಾಸಿಯು ತೂಕಡಿಸುತ್ತಿತ್ತು. ಪಟ್ಟಿ ಬದಲಿಸಬೇಕು, ಟೇಪು ಉಜ್ಜಿ ಹೋಗುವ ತಲೆಯನ್ನು ಸ್ಪಿರಿಟ್ಟಿನಿಂದ ಒರಸಬೇಕು. ಆ ತಲೆಯು ಟೇಪಿಗೆ ಸರಿಯಾಗಿ ಲಂಬವಾಗಿ ನಿಲ್ಲುವಂತೆ ಪಕ್ಕದ ಸಣ್ಣ ತಿರುಪನ್ನು ಕಿವಿಗೊಟ್ಟು ತಿರುಗಿಸಬೇಕು. ಧ್ವನಿ ಮುಸುಕು ಕಳೆದು ಬೆಳಗುವ ಜಾಗದಲ್ಲಿ ನಿಲ್ಲಿಸುವುದು. ಪ್ರತಿ ಕ್ಯಾಸೆಟ್ಟಿಗೂ ಈ ಜಾಗ ಕೂದಲೆಳೆಯಷ್ಟು ಬೇರೆ.

ಹುಬ್ಬಳ್ಳಿಯಲ್ಲಿ ಟೇಪ್ ರೆಕಾರ್ಡರ್ ದುರಸ್ತಿ ಮಾಡುವ ಹಳೆಯ ಕೈ ಇನ್ನೂ ಸಿಗುತ್ತದೆ. ಕಂಪ್ಯೂಟರಿನ ಭಾಗಗಳಿಗಿಂತ ಮೊದಲು ಅಲ್ಲಿಗೆ ಹೋಗಿರೆಂದು ಮಾಸ್ತರರಿಗೆ ಹೇಳಿದ್ದೇನೆ, ಏಕೆಂದರೆ ಪ್ರೊಸೆಸರು ಮುಂದಿನ ವರ್ಷವೂ ಸಿಗುತ್ತದೆ. ಈ ಕೆಲಸದಲ್ಲಿ ಅವಸರಕ್ಕೂ ಎಡೆಯಿಲ್ಲ. ೯೦ ನಿಮಿಷದ ಕ್ಯಾಸೆಟ್ಟು ಇಳಿಯಲು ೯೦ ನಿಮಿಷವೇ ಬೇಕು. ಅರವತ್ತಕ್ಕೆ ತೊಂಬತ್ತು ಗಂಟೆ. ಬೂಷ್ಟು ಬಿಳಿದಾಗಿ ಕಾಣತೊಡಗಿದವನ್ನು ಅವರು ಟ್ರಂಕಿನ ಒಂದು ಮಗ್ಗುಲಿಗೆ ಬೇರೆ ಮಾಡಿ ಇಟ್ಟಿದ್ದಾರೆ. ಎಣಿಸಿದರೆ ಹನ್ನೊಂದು ಇವೆ. ಮಳೆ ಹಿಡಿಯುವುದರೊಳಗೆ ಅವನ್ನು ಮುಗಿಸಬೇಕೆಂದು ಅವರ ಲೆಕ್ಕ.